ಪ್ರತಿಜ್ಞೆಗೂ ಗುಟುಕಿಗೂ ನಡುವಿನ ಹತ್ತು ನಿಮಿಷ

ಹಾವೇರಿ ಜಿಲ್ಲೆಯ ಊರುಗಳಲ್ಲಿ ಕುಡಿತ ಬಿಡುವುದಕ್ಕೂ ಒಂದು ಪಂಚಾಂಗವಿದೆ. ಶ್ರಾವಣ ಹಿಡಿದ ದಿನದಿಂದ ಮುಗಿಯುವವರೆಗೆ ಮದ್ಯ-ಮಾಂಸಗಳನ್ನು ಮುಟ್ಟದವರು, ಅಯ್ಯಪ್ಪನ ಮಾಲೆ ಧರಿಸಿ 41 ದಿನಗಳ ವ್ರತವನ್ನು ಲೋಪವಿಲ್ಲದೆ ಪೂರೈಸುವವರು ಇಲ್ಲಿ ಪ್ರತಿ ಓಣಿಯಲ್ಲಿಯೂ ಸಿಗುತ್ತಾರೆ. ಅವರಲ್ಲಿ ಹಲವರು ಮಾಲೆ ತೆಗೆದ ಕೆಲವೇ ದಿನಗಳಲ್ಲಿ ಹಳೆಯ ಜಾಗಕ್ಕೆ ಮರಳುವುದೂ ಅಷ್ಟೇ ಪರಿಚಿತ ಸಂಗತಿ. ಇದನ್ನು ಮನೋದಾರ್ಢ್ಯದ ಕೊರತೆ ಎಂದು ವಿವರಿಸುವುದು ರೂಢಿಯಾದರೂ, 41 ದಿನ ಬೆಳಗಿನ ತಣ್ಣೀರು ಸ್ನಾನದಿಂದ ರಾತ್ರಿಯ ಚಾಪೆಯವರೆಗೆ ಎಲ್ಲ ನೇಮಗಳನ್ನೂ ಪಾಲಿಸಿದವನಿಗೆ ದಾರ್ಢ್ಯವಿರಲಿಲ್ಲ ಎಂಬ ಮಾತು ತರ್ಕಕ್ಕೆ ನಿಲ್ಲುವುದಿಲ್ಲ. ವ್ರತದ ಅವಧಿಯಲ್ಲಿ ಗೆಳೆಯರು ಅವನನ್ನು ಕರೆಯುವುದಿಲ್ಲ, ಊರಿನವರು ‘ಸ್ವಾಮಿ’ ಎಂದು ಸಂಬೋಧಿಸುತ್ತಾರೆ, ಸಂಜೆಯ ಹೊತ್ತು ಭಜನೆಯಲ್ಲಿ ಕಳೆಯುತ್ತದೆ. ಅಂದರೆ ಅವನ ಸುತ್ತಲಿನ ಜಗತ್ತೇ ಕೆಲವು ವಾರಗಳ ಮಟ್ಟಿಗೆ ಬೇರೆಯಾಗಿರುತ್ತದೆ. ವ್ರತವು ಹೊರಗಿನಿಂದ ಬಲವಾದ ಬೇಲಿಯನ್ನು ಕಟ್ಟಿಕೊಡುತ್ತದೆಯೇ ಹೊರತು, ಬೇಲಿ ತೆಗೆದ ಮೇಲೆ ಒಳಗಿನಿಂದ ಏಳುವ ತುಡಿತದ ಎದುರು ಏನು ಮಾಡಬೇಕೆಂಬುದನ್ನು ಕಲಿಸುವುದಿಲ್ಲ. ವ್ಯಸನ ಚಿಕಿತ್ಸೆಯಲ್ಲಿ ಕಳೆದ ಎರಡು-ಮೂರು ದಶಕಗಳಿಂದ ಬಳಕೆಗೆ ಬಂದಿರುವ ಸಾವಧಾನ ಅಭ್ಯಾಸವು, ಅಂದರೆ ಇಂಗ್ಲಿಷಿನಿಂದ ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಲ್ಲಿ ನಮ್ಮಲ್ಲಿಗೂ ಬಂದಿರುವ ಪದ್ಧತಿಯು, ಆ ಒಂದು ತೆರವನ್ನು ತುಂಬುವ ಪ್ರಯತ್ನವಾಗಿದೆ.

ತುಡಿತವೆಂದರೆ ಕೇವಲ ಆಸೆಯಲ್ಲ. ಒಂದು ವಸ್ತುವಿನಿಂದ ಸಿಗುವ ಹಿತ ಬೇರೆ, ಅದು ಬೇಕೇ ಬೇಕೆನ್ನುವ ಒತ್ತಡ ಬೇರೆ, ಇವೆರಡಕ್ಕೂ ಮಿದುಳಿನಲ್ಲಿ ಪ್ರತ್ಯೇಕ ವ್ಯವಸ್ಥೆಗಳಿವೆ ಎಂದು ಅಮೆರಿಕದ ಸಂಶೋಧಕರಾದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲಿ ವಾದಿಸಿದರು. ವ್ಯಸನ ಬೆಳೆದಂತೆ ಹಿತವು ಕಡಿಮೆಯಾಗುತ್ತ ಹೋಗಬಹುದು, ಬೇಕೆನ್ನುವ ಒತ್ತಡ ಮಾತ್ರ ಏರುತ್ತಲೇ ಇರುತ್ತದೆ ಎಂಬ ಅವರ ವಿವರಣೆಯು, ‘ಅದರಾಗ ಏನೂ ರುಚಿ ಉಳಿದಿಲ್ಲ, ಆದರೂ ಬಿಡಾಕ ಆಗವಲ್ದು’ ಎನ್ನುವ ಮಾತಿಗೆ ಸಿಕ್ಕ ವೈಜ್ಞಾನಿಕ ರೂಪದಂತಿದೆ. ಅದೇ ದಶಕದಲ್ಲಿ ನರವಿಜ್ಞಾನಿ ವುಲ್ಫ್ರಮ್ ಶುಲ್ಟ್ಸ್ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳು ಇನ್ನೊಂದು ಸಂಗತಿಯನ್ನು ತೋರಿಸಿದವು. ಹಣ್ಣಿನ ರಸ ಬಾಯಿಗೆ ಬಿದ್ದಾಗ ಚುರುಕಾಗುತ್ತಿದ್ದ ಡೋಪಮಿನ್ ನರಕೋಶಗಳು, ರಸಕ್ಕೆ ಮೊದಲು ಒಂದು ದೀಪ ಬೆಳಗುತ್ತದೆಂದು ಮಂಗಕ್ಕೆ ರೂಢಿಯಾದ ಮೇಲೆ, ರಸಕ್ಕಲ್ಲದೆ ದೀಪಕ್ಕೇ ಪ್ರತಿಕ್ರಿಯಿಸತೊಡಗಿದವು. ಹೀಗೆ ಮುಂಬರುವ ಹಿತದ ಸೂಚನೆಯಾಗಿ ಕೆಲಸ ಮಾಡುವ ಜಾಗ, ಹೊತ್ತು, ವಾಸನೆ, ವ್ಯಕ್ತಿ ಅಥವಾ ಮನಃಸ್ಥಿತಿಯನ್ನು ವ್ಯಸನವಿಜ್ಞಾನವು ‘ಪ್ರಚೋದಕ’ ಎಂದು ಕರೆಯುತ್ತದೆ. ಮನುಷ್ಯನ ಮಟ್ಟಿಗೆ ಆ ದೀಪ ಎಲ್ಲಿ ಬೆಳಗುತ್ತದೆ ಎಂಬುದು ಅವನ ಊರನ್ನು ಅವಲಂಬಿಸಿರುತ್ತದೆ.

ಬ್ಯಾಡಗಿಯಲ್ಲಿ ಅದು ಸೋಮವಾರ ಮತ್ತು ಗುರುವಾರ ಬೆಳಗುತ್ತದೆ ಎನ್ನಬಹುದು. ಆ ಎರಡು ದಿನ ಅಲ್ಲಿನ ಕೃಷಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವಹಿವಾಟು ನಡೆಯುತ್ತದೆ. ಜನವರಿಯಿಂದ ಬೇಸಿಗೆಯವರೆಗಿನ ಹಂಗಾಮಿನಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲಗಳು ಬರುವುದುಂಟು. ಬಳ್ಳಾರಿ, ರಾಯಚೂರು, ಗದಗ ಕಡೆಗಳಿಂದ, ಆಂಧ್ರದ ಕರ್ನೂಲಿನಿಂದ ರೈತರು ಮಾಲು ತಂದು ರಾತ್ರಿ ಅಲ್ಲಿಯೇ ತಂಗುತ್ತಾರೆ. ಚೀಲ ಹೊರುವ ಹಮಾಲರು, ಲಾರಿ ಚಾಲಕರು, ತೊಟ್ಟು ಬಿಡಿಸುವ ಹೆಣ್ಣಾಳುಗಳು, ದಲಾಲರ ಅಂಗಡಿಯ ಗುಮಾಸ್ತರು, ಹೀಗೆ ಸಾವಿರಾರು ಜನರ ದಣಿವು, ಕಾಯುವಿಕೆ ಮತ್ತು ನಗದು ಒಂದೇ ಹೊತ್ತಿನಲ್ಲಿ ಒಂದೇ ಆವರಣದಲ್ಲಿ ಸೇರುತ್ತವೆ. ವ್ಯಸನದ ತುಡಿತವನ್ನು ಎಬ್ಬಿಸುವ ಸಂಗತಿಗಳೆಂದು ಪಠ್ಯಪುಸ್ತಕಗಳು ಗುರುತಿಸುವ ದಣಿವು, ಹಸಿವು, ಬೇಸರ, ಕೈಯಲ್ಲಿ ಹಣ, ಜೊತೆಗಾರರ ಒತ್ತಾಯ ಎಲ್ಲವೂ ಅಲ್ಲಿವೆ. ದರ ಕುಸಿದ ದಿನ ಅವುಗಳ ಸಾಲಿಗೆ ಸಿಟ್ಟೂ ಸೇರುತ್ತದೆ. 2024ರ ಮಾರ್ಚ್ 11ರಂದು ದರ ಕುಸಿತದಿಂದ ರೊಚ್ಚಿಗೆದ್ದ ರೈತರು ಆ ಆವರಣದಲ್ಲಿ ಬೆಂಕಿ ಹಚ್ಚಿದಾಗ ಹೊರಬಂದದ್ದು ಸಾಮೂಹಿಕ ಸಿಟ್ಟು; ಉಳಿದ ದಿನಗಳಲ್ಲಿ ದರದ ನಿರಾಶೆಯನ್ನು ಒಬ್ಬೊಬ್ಬನೂ ತನ್ನೊಳಗೇ ಅರಗಿಸಿಕೊಳ್ಳಬೇಕಾಗುತ್ತದೆ, ಮತ್ತು ಅದಕ್ಕೆ ಅತ್ಯಂತ ಹತ್ತಿರ ಸಿಗುವ ಸಾಧನ 90 ಮಿಲಿಲೀಟರಿನ ಟೆಟ್ರಾ ಪ್ಯಾಕಾಗಿರುತ್ತದೆ. ರಾಣೆಬೆನ್ನೂರಿನಲ್ಲಿ ಬೀಜೋತ್ಪಾದನೆಯ ಹೊಲಗಳ ಕೂಲಿ ಕೈಗೆ ಬರುವ ದಿನ, ಹಾವೇರಿಯಲ್ಲಿ ದನದ ಸಂತೆ ಮುಗಿದ ಹೊತ್ತು ಇದೇ ಕೆಲಸ ಮಾಡುತ್ತವೆ.

ತಂಬಾಕಿನ ಪ್ರಚೋದಕಗಳಿಗೆ ಇಷ್ಟು ದೊಡ್ಡ ಸಂದರ್ಭವೂ ಬೇಕಿಲ್ಲ. ವಯಸ್ಕರ ತಂಬಾಕು ಬಳಕೆಯ ಜಾಗತಿಕ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅದನ್ನು ಬಳಸುವವರ ಪ್ರಮಾಣ 2009-10ರಲ್ಲಿ ಶೇ 28.2 ಇದ್ದದ್ದು 2016-17ರ ಹೊತ್ತಿಗೆ ಶೇ 22.8ಕ್ಕೆ ಇಳಿದಿತ್ತು, ಆದರೆ ಅವರಲ್ಲಿ ಸೇದುವವರಿಗಿಂತ ಬಾಯಲ್ಲಿಟ್ಟುಕೊಳ್ಳುವವರೇ ಹೆಚ್ಚು. ಅಂಗೈಯಲ್ಲಿ ತಂಬಾಕಿನ ಜೊತೆ ಸುಣ್ಣವನ್ನು ತಿಕ್ಕುವುದು ರುಚಿಗಾಗಿ ಬಂದ ಪದ್ಧತಿಯಂತೆ ಕಂಡರೂ, ಅದರ ಹಿಂದೆ ಸ್ಪಷ್ಟವಾದ ರಸಾಯನಶಾಸ್ತ್ರವಿದೆ. ಸುಣ್ಣವು ಮಿಶ್ರಣವನ್ನು ಕ್ಷಾರೀಯಗೊಳಿಸಿದಾಗ ನಿಕೋಟಿನ್ ತನ್ನ ಮುಕ್ತ ರೂಪಕ್ಕೆ ಬಂದು ಕೆನ್ನೆಯ ಒಳಪೊರೆಯ ಮೂಲಕ ಬೇಗನೆ ರಕ್ತಕ್ಕೆ ಇಳಿಯುತ್ತದೆ. ಜೊತೆಗಿರುವ ಅಡಿಕೆಯಲ್ಲಿ ಅರೆಕೋಲಿನ್ ಎಂಬ ಉತ್ತೇಜಕವೂ ಇರುವುದರಿಂದ, ಎಲೆ-ಅಡಿಕೆ-ತಂಬಾಕಿನ ಸಂಚಿ ಎರಡು ವ್ಯಸನಕಾರಿ ವಸ್ತುಗಳನ್ನು ಒಟ್ಟಿಗೆ ಕೊಡುತ್ತದೆ. ಅಡಿಕೆಯನ್ನು, ತಂಬಾಕಿಲ್ಲದಿದ್ದರೂ, ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ವರ್ಗೀಕರಿಸಿದೆ. ರಾಜ್ಯ ಸರ್ಕಾರ 2013ರ ಮೇ 31ರಂದು ಗುಟಕಾ ನಿಷೇಧಿಸಿದ ಮೇಲೆ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಮಾರಾಟಕ್ಕೆ ಬಂದವು. ಕಾರ್ಖಾನೆಯಲ್ಲಿ ಆಗುತ್ತಿದ್ದ ಬೆರಕೆ ತಿನ್ನುವವನ ಅಂಗೈಗೆ ಬಂತು. ದಿನಕ್ಕೆ ಹತ್ತಿಪ್ಪತ್ತು ಬಾರಿ ಹೀಗೆ ಚೀಟಿ ಹರಿಯುವವನಲ್ಲಿ ಸೂಚನೆ, ತುಡಿತ, ಕ್ರಿಯೆ ಮತ್ತು ಕ್ಷಣಿಕ ನಿರಾಳ ಎಂಬ ನಾಲ್ಕು ಕೊಂಡಿಗಳ ಸರಪಳಿಯು ವರ್ಷಕ್ಕೆ ಸಾವಿರಾರು ಬಾರಿ ಬೆಸೆದುಕೊಳ್ಳುತ್ತದೆ, ಮತ್ತು ಕೈ ಜೇಬಿಗೆ ಹೋದದ್ದು ಅವನಿಗೇ ತಿಳಿದಿರುವುದಿಲ್ಲ.

ಈ ಸರಪಳಿಯನ್ನು ಮುರಿಯಲು ಮನೆಯವರೂ ಹಿತೈಷಿಗಳೂ ಕೊಡುವ ಸಲಹೆ ಸಾಮಾನ್ಯವಾಗಿ ‘ಅದರ ಬಗ್ಗೆ ಯೋಚನೆಯನ್ನೇ ಮಾಡಬೇಡ’ ಎಂಬುದಾಗಿರುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಸಲಹೆಯ ದೌರ್ಬಲ್ಯವನ್ನು ಎತ್ತಿ ತೋರಿಸಿತು: ಬಿಳಿ ಕರಡಿಯೊಂದನ್ನು ನೆನೆಯಬಾರದೆಂದು ಸೂಚನೆ ಪಡೆದವರಿಗೆ ಅದೇ ಮತ್ತೆ ಮತ್ತೆ ನೆನಪಾಯಿತು, ನಿರ್ಬಂಧ ತೆಗೆದ ಮೇಲಂತೂ ಮೊದಲಿನಿಂದಲೂ ನೆನೆಯಲು ಹೇಳಿಸಿಕೊಂಡಿದ್ದವರಿಗಿಂತ ಹೆಚ್ಚಾಗಿ ನೆನಪಾಯಿತು. ಒಂದು ಯೋಚನೆ ಬಂದಿದೆಯೇ ಇಲ್ಲವೇ ಎಂದು ಕಾವಲು ಕಾಯಲು ಮನಸ್ಸು ಆ ಯೋಚನೆಯನ್ನೇ ಕೈಯಲ್ಲಿ ಹಿಡಿದಿರಬೇಕಾಗುತ್ತದೆ. ದಮನದ ಮಾರ್ಗ ಹೀಗೆ ತನ್ನನ್ನು ತಾನೇ ಸೋಲಿಸಿಕೊಳ್ಳುವುದರಿಂದ, ಮಣಿಯುವುದೂ ಅಲ್ಲದ ಅದುಮುವುದೂ ಅಲ್ಲದ ಮೂರನೆಯ ದಾರಿಯೊಂದಕ್ಕಾಗಿ ಚಿಕಿತ್ಸಕರು ಹುಡುಕಬೇಕಾಯಿತು.

ಸಾವಧಾನತೆಯೆಂದರೆ ಈ ಗಳಿಗೆಯಲ್ಲಿ ದೇಹದಲ್ಲಿ ಮತ್ತು ಮನಸ್ಸಿನಲ್ಲಿ ನಡೆಯುತ್ತಿರುವುದನ್ನು, ಅದು ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪು ಕೊಡದೆ, ಉದ್ದೇಶಪೂರ್ವಕವಾಗಿ ಗಮನಿಸುವುದು. ಇದರ ಮೂಲ ಬೌದ್ಧರ ಸತಿಪಟ್ಠಾನ ಸಾಧನೆಯಲ್ಲಿದೆ. ಅದನ್ನು ಧಾರ್ಮಿಕ ಚೌಕಟ್ಟಿನಿಂದ ಬಿಡಿಸಿ ಆಸ್ಪತ್ರೆಯ ಎಂಟು ವಾರಗಳ ತರಬೇತಿಯನ್ನಾಗಿ ರೂಪಿಸಿದವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕಬಟ್-ಜಿನ್, 1979ರಲ್ಲಿ. ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿಯೇ ಇದೆ, ಅಂಬಿಗರ ಚೌಡಯ್ಯನವರ ಚೌಡಯ್ಯದಾನಪುರ ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ, ಶಿಶುನಾಳ ಶರೀಫರ ನೆಲವೂ ಇದೇ ಜಿಲ್ಲೆ. ಆದುದರಿಂದ ಇದೆಲ್ಲ ನಮ್ಮವರು ಎಂದೋ ಹೇಳಿದ್ದೇ ಎಂದು ಸಾರುವ ಆಮಿಷ ಇಲ್ಲಿನ ಭಾಷಣಕಾರರಿಗೆ ಸಹಜವಾಗಿಯೇ ಇರುತ್ತದೆ. ಆ ಹೋಲಿಕೆಯನ್ನು ಹೆಚ್ಚು ಎಳೆಯದಿರುವುದು ಒಳಿತು. ಅನುಭಾವಿಗಳ ಗುರಿ ಮುಕ್ತಿಯಾಗಿತ್ತು; ಇಲ್ಲಿ ಚರ್ಚೆಯಲ್ಲಿರುವುದು ಸಂಜೆ ಆರೂವರೆಯ ಒಂದು ತುಡಿತವನ್ನು ದಾಟುವ ಕೌಶಲ, ಮತ್ತು ಆ ಸಣ್ಣತನದಲ್ಲಿಯೇ ಅದರ ಉಪಯುಕ್ತತೆ ಇದೆ.

ವ್ಯಸನಕ್ಕೆ ಈ ಕೌಶಲವನ್ನು ಹೊಂದಿಸಿದ ಶ್ರೇಯಸ್ಸು ಹೆಚ್ಚಾಗಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಜಿ. ಅಲನ್ ಮಾರ್ಲಟ್ (1941-2011) ಅವರಿಗೆ ಸಲ್ಲುತ್ತದೆ. ತುಡಿತವು ಸಮುದ್ರದ ಅಲೆಯಂತೆ ಏರಿ, ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ, ಅದರೊಡನೆ ಸೆಣಸದೆ ಅದರ ಮೇಲೆ ತೇಲುವುದನ್ನು ಕಲಿಯಬೇಕು ಎಂದು ಅವರು ಕಲಿಸುತ್ತಿದ್ದರು. ಸಮುದ್ರವಿಲ್ಲದ ಹಾವೇರಿ ಸೀಮೆಗೆ ಖಾರದ ಉಪಮೆ ಹೆಚ್ಚು ಒಗ್ಗುತ್ತದೆ. ಖಾರ ಕಡಿಮೆಯ ಬ್ಯಾಡಗಿ ಡಬ್ಬಿ ತಳಿಯದಲ್ಲ, ಅದೇ ಮಾರುಕಟ್ಟೆಗೆ ಬರುವ ಗುಂಟೂರು ತಳಿಯ ಕಾಯಿಯೊಂದನ್ನು ಕಡಿದವನ ನಾಲಿಗೆಯಲ್ಲಿ ಉರಿ ಏರುತ್ತದೆ, ಇದು ಎಂದೂ ನಿಲ್ಲದು ಎನಿಸುವ ಒಂದು ಮಟ್ಟ ಮುಟ್ಟುತ್ತದೆ, ಬಳಿಕ ಇಳಿಯುತ್ತದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೇಸಿನ್ ನೀರಿನಲ್ಲಿ ಕರಗದ ಕಾರಣ ಗಟಗಟನೆ ಕುಡಿದ ನೀರು ಅದನ್ನು ಬಾಯಿ ತುಂಬ ಹರಡುತ್ತದೆಯೇ ಹೊರತು ತೆಗೆಯುವುದಿಲ್ಲ. ತುಡಿತವೂ ತುದಿಯಲ್ಲಿರುವಾಗ ತಾನು ಶಾಶ್ವತವೆಂದು ಸುಳ್ಳು ಹೇಳುತ್ತದೆ. ತಂಬಾಕಿನ ಒಂದೊಂದು ತುಡಿತವೂ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಸಡಿಲವಾಗುತ್ತದೆ, ಮದ್ಯದ್ದು ಅದಕ್ಕಿಂತ ಹೆಚ್ಚು ಹೊತ್ತು ಎಳೆಯಬಹುದು. ಆದರೆ ಪ್ರತಿ ಬಾರಿಯೂ ಏರುವಾಗಲೇ ಮಣಿದವನಿಗೆ ಅದು ಇಳಿಯುವುದನ್ನು ನೋಡುವ ಅವಕಾಶವೇ ಸಿಕ್ಕಿರುವುದಿಲ್ಲ.

ಅಭ್ಯಾಸದ ವಿಧಾನ ಹೀಗಿದೆ. ಕೈ ಜೇಬಿನ ಕಡೆಗೋ ಕಾಲು ಅಂಗಡಿಯ ಕಡೆಗೋ ಹೊರಟದ್ದು ಗಮನಕ್ಕೆ ಬಂದ ಕೂಡಲೇ ಮೊದಲು ನಿಲ್ಲಬೇಕು. ನಿಂತಲ್ಲಿಯೇ, ತುಡಿತ ದೇಹದ ಯಾವ ಭಾಗದಲ್ಲಿದೆ ಎಂದು ಹುಡುಕಬೇಕು. ಅದು ಗಂಟಲಿನ ಒಣಗುವಿಕೆಯೋ, ದವಡೆಯ ಬಿಗಿತವೋ, ಬಾಯಲ್ಲಿ ನೀರೂರುವುದೋ, ಎದೆಯ ಚಡಪಡಿಕೆಯೋ, ಬೆರಳುಗಳ ಅಸಹನೆಯೋ ಎಂದು ಬಿಡಿಸಿ ನೋಡಿದಾಗ, ‘ನನಗೆ ಬೇಕು’ ಎಂಬ ಒಂದೇ ದೊಡ್ಡ ಆಜ್ಞೆಯು ನಾಲ್ಕಾರು ಸಣ್ಣ ಸಂವೇದನೆಗಳಾಗಿ ಒಡೆಯುತ್ತದೆ. ಅನಂತರ ಕೆಲವು ಉಸಿರುಗಳಷ್ಟು ಹೊತ್ತು ಗಮನವನ್ನು ಮೂಗಿನ ತುದಿಗೋ ಹೊಟ್ಟೆಯ ಏರಿಳಿತಕ್ಕೋ ತಂದು, ಅಲ್ಲಿಂದ ಮತ್ತೆ ಇಡೀ ದೇಹಕ್ಕೆ, ಸುತ್ತಲಿನ ಸದ್ದಿಗೆ, ನಿಂತ ಜಾಗಕ್ಕೆ ವಿಸ್ತರಿಸಬೇಕು. ತುಡಿತ ಇನ್ನೂ ಇದ್ದರೆ ಅದು ಈ ವಿಸ್ತಾರದೊಳಗಿನ ಒಂದು ಸಂಗತಿಯಾಗಿ ಇರುತ್ತದೆ, ಸರ್ವಸ್ವವಾಗಿ ಅಲ್ಲ. ಕೊನೆಗೆ, ಈಗ ಏನು ಮಾಡುವುದು ಎಂದು ಆಯ್ದುಕೊಳ್ಳಬೇಕು. ತುಡಿತ ಮಾಯವಾಗಬೇಕೆಂಬುದು ಈ ಅಭ್ಯಾಸದ ಗುರಿಯಲ್ಲ. ಅದು ಇರುವಾಗಲೂ ಕ್ರಿಯೆ ಅದರ ಹಿಂದೆ ತಾನಾಗಿ ಹೋಗದಂತೆ ಮಾಡುವುದು ಗುರಿ. ಅನೇಕರು ಮೂರನೆಯ ದಿನವೇ ‘ಇದರಿಂದ ಏನೂ ಆಗಲಿಲ್ಲ, ಇನ್ನೂ ಬೇಕೆನಿಸುತ್ತದೆ’ ಎಂದು ಕೈಬಿಡುವುದು ಈ ಭೇದ ತಿಳಿಯದಿರುವುದರಿಂದ.

ಇದೇ ಗಮನವನ್ನು ವಸ್ತುವಿನ ಕಡೆಗೂ ತಿರುಗಿಸಬಹುದು ಎಂಬುದು ಯೇಲ್ ವಿಶ್ವವಿದ್ಯಾಲಯದಲ್ಲಿ ಧೂಮಪಾನಿಗಳೊಡನೆ ಕೆಲಸ ಮಾಡಿದ ಮನೋವೈದ್ಯ ಜಡ್ಸನ್ ಬ್ರೂವರ್ ಅವರ ಕೊಡುಗೆ. ಇನ್ನೂ ಬಿಡಲಾಗದವನಿಗೆ ‘ಸೇದು, ಆದರೆ ಸೇದುವಾಗ ಬೇರೇನೂ ಮಾಡದೆ ಅದನ್ನೇ ಗಮನಿಸು’ ಎಂಬ ಸೂಚನೆ ಮೊದಲ ಹಂತದ್ದಾಗಿರುತ್ತದೆ. ಗುಟಕಾಕ್ಕೆ ಇದನ್ನು ಅನ್ವಯಿಸಿದರೆ ಸುಣ್ಣದ ಚುರುಕು, ಕೆನ್ನೆಯ ಒಳಗಿನ ಉರಿ, ಸುಗಂಧ ಕರಗಿದ ಮೇಲೆ ಉಳಿಯುವ ಕಹಿ, ಉಗುಳಬೇಕೆಂಬ ಅವಸರ, ಹಲವು ವರ್ಷಗಳ ಬಳಕೆಯಿಂದ ಬಾಯಿ ಪೂರ್ತಿ ತೆರೆಯಲಾಗದಂತೆ ಒಳಪೊರೆ ಬಿಗಿದಿರುವುದು (ಇದು ಕ್ಯಾನ್ಸರಿನ ಮುನ್ಸೂಚನೆಯಾಗಬಲ್ಲ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ಕಾಯಿಲೆ) ಇವೆಲ್ಲ ಅರಿವಿಗೆ ಬರುತ್ತವೆ. ಲಾರಿ ನಡೆಸುತ್ತ, ಲೆಕ್ಕ ಬರೆಯುತ್ತ, ಹರಟುತ್ತ ತಿಂದಾಗ ಇವು ಯಾವುವೂ ದಾಖಲಾಗಿರುವುದಿಲ್ಲ. ಚೀಟಿಯ ಮೇಲಿನ ಭೀಕರ ಚಿತ್ರ ಹೇಳಲಾರದ್ದನ್ನು ಅವನ ನಾಲಿಗೆಯೇ ಹೇಳುತ್ತದೆ.

ಪುರಾವೆಯ ವಿಷಯಕ್ಕೆ ಬಂದರೆ, ಉತ್ಸಾಹ ಮತ್ತು ಎಚ್ಚರ ಎರಡಕ್ಕೂ ಕಾರಣಗಳಿವೆ. ಮಾರ್ಲಟ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ, ವಾರಕ್ಕೊಮ್ಮೆ ಎರಡು ಗಂಟೆಯಂತೆ ಎಂಟು ವಾರ ನಡೆಯುವ ‘ಸಾವಧಾನ ಆಧಾರಿತ ಮರುಕಳಿಕೆ ತಡೆ’ ತರಬೇತಿಯನ್ನು, ಪ್ರಾಥಮಿಕ ಚಿಕಿತ್ಸೆ ಮುಗಿಸಿದ್ದ 286 ಜನರ ಮೇಲೆ ಪರೀಕ್ಷಿಸಿದ ಅಧ್ಯಯನವನ್ನು ಸಾರಾ ಬೋವನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಆರು ತಿಂಗಳ ಹೊತ್ತಿಗೆ ಇದೂ, ಯೋಚನೆ-ವರ್ತನೆಗಳನ್ನು ತಿದ್ದುವ ಸಾಂಪ್ರದಾಯಿಕ ಮರುಕಳಿಕೆ ತಡೆ ತರಬೇತಿಯೂ ಮಾಮೂಲು ಚಿಕಿತ್ಸೆಗಿಂತ ಮೇಲಾಗಿದ್ದವು. ಹನ್ನೆರಡು ತಿಂಗಳ ಹೊತ್ತಿಗೆ ಸಾವಧಾನದ ಗುಂಪಿನವರು ಉಳಿದೆರಡು ಗುಂಪಿನವರಿಗಿಂತಲೂ ಕಡಿಮೆ ದಿನ ಮಾದಕ ವಸ್ತುವನ್ನು ಬಳಸಿದ್ದರು. ಬ್ರೂವರ್ ತಂಡ 2011ರಲ್ಲಿ ಪ್ರಕಟಿಸಿದ, 88 ಧೂಮಪಾನಿಗಳ ಸಣ್ಣ ಅಧ್ಯಯನದಲ್ಲಿ 17 ವಾರಗಳ ಹೊತ್ತಿಗೆ ಬಿಟ್ಟೇ ಉಳಿದವರು ಸಾವಧಾನದ ಗುಂಪಿನಲ್ಲಿ ಶೇ 31, ಹೋಲಿಕೆಯ ಗುಂಪಿನಲ್ಲಿ ಶೇ 6. ಆದರೆ ಇಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2021ರ ಪರಿಶೀಲನೆ, 40 ಪ್ರಯೋಗಗಳನ್ನು ನೋಡಿದ ಬಳಿಕವೂ, ಪುರಾವೆಯ ಗುಣಮಟ್ಟ ಕೆಳಮಟ್ಟದ್ದೆಂದೂ ಪರಿಣಾಮದ ಬಗ್ಗೆ ಖಚಿತವಾಗಿ ಹೇಳಲಾಗದೆಂದೂ ಅಭಿಪ್ರಾಯಪಟ್ಟಿತು. ಧೂಮಪಾನಕ್ಕೆ ಸಂಬಂಧಿಸಿದ ಅದರ 2022ರ ಪರಿಶೀಲನೆಗೆ ಸ್ಪಷ್ಟ ಲಾಭ ಕಾಣಲಿಲ್ಲ. ಆದ್ದರಿಂದ ಸಾವಧಾನವು ಉಳಿದ ಚಿಕಿತ್ಸೆಗಳನ್ನು ಬದಿಗೆ ಸರಿಸುವ ಪವಾಡ ಎಂದು ಮಾರುವವರನ್ನು ನಂಬಬೇಕಿಲ್ಲ. ಖರ್ಚು ಕಡಿಮೆಯ, ಅಪಾಯ ಕಡಿಮೆಯ, ಬೇರೆ ಚಿಕಿತ್ಸೆಯ ಜೊತೆಗೆ ಸೇರಿಸಬಹುದಾದ ಒಂದು ಕೌಶಲವೆಂದು ಅದನ್ನು ಕಂಡರೆ, ಈಗ ಇರುವ ಪುರಾವೆ ಅಷ್ಟಕ್ಕೆ ಸಾಲುತ್ತದೆ.

ಈ ಪದ್ಧತಿಯ ಅತ್ಯಂತ ಬೆಲೆಬಾಳುವ ಅಂಶ ಧ್ಯಾನವೇ ಅಲ್ಲದಿರಬಹುದು. ಬಿಟ್ಟವನು ಒಂದು ಸಂಜೆ ಎಡವಿದಾಗ ಏನಾಗುತ್ತದೆ ಎಂಬುದನ್ನು ಮಾರ್ಲಟ್ ವರ್ಷಗಟ್ಟಲೆ ಅಭ್ಯಸಿಸಿದ್ದರು. ಒಂದು ಲೋಟ ಕುಡಿದದ್ದು ಒಂದು ಜಾರುವಿಕೆ. ‘ಹೋಯಿತು, ಎಲ್ಲ ಕೆಟ್ಟಿತು, ನಾನು ಇಷ್ಟೇ’ ಎಂಬ ನಾಚಿಕೆಯಲ್ಲಿ ಎರಡನೆಯ, ಮೂರನೆಯ ಲೋಟ ಕುಡಿದು ಹಳೆಯ ಸ್ಥಿತಿಗೆ ಮರಳುವುದು ಮರುಕಳಿಕೆ. ಇವೆರಡರ ನಡುವಿನ ಸೇತುವೆ ಮದ್ಯದ ರಾಸಾಯನಿಕ ಶಕ್ತಿಗಿಂತ ಹೆಚ್ಚಾಗಿ ಆ ಸ್ವನಿಂದೆ ಎಂದು ಅವರು ಗುರುತಿಸಿ, ಅದನ್ನು ‘ವರ್ಜನಭಂಗದ ಪರಿಣಾಮ’ ಎಂಬ ಅರ್ಥದ ಹೆಸರಿನಿಂದ ಕರೆದರು. ಪ್ರತಿಜ್ಞೆ ಎಷ್ಟು ಕಟ್ಟುನಿಟ್ಟಾಗಿದ್ದರೆ ಅದರ ಭಂಗ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ದೇವರ ಮುಂದೆ, ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದವನು ಆಣೆ ತಪ್ಪಿದ ರಾತ್ರಿ ಮನೆಗೆ ಹೋಗಲು ಹೆದರಿ ಇನ್ನಷ್ಟು ಕುಡಿಯುವುದು ಈ ಪರಿಣಾಮದ ನಮ್ಮ ನೆಲದ ರೂಪ. ತೀರ್ಪು ಕೊಡದೆ ನೋಡುವ ಅಭ್ಯಾಸವಿದ್ದವನು ನಾಚಿಕೆಯನ್ನೂ ಏರಿಳಿಯುವ ಮತ್ತೊಂದು ಸಂವೇದನೆಯಾಗಿ ನೋಡಬಲ್ಲ, ಎರಡನೆಯ ಲೋಟಕ್ಕೆ ಮೊದಲು ನಿಲ್ಲಬಲ್ಲ. ಹೀಗೆಂದ ಮಾತ್ರಕ್ಕೆ ಮನೆಯವರು ಅನುಭವಿಸಿದ ಹೊಡೆತ, ಸಾಲ, ಅವಮಾನಗಳಿಗೆ ಅವನು ಹೊಣೆಯಲ್ಲ ಎಂದಾಗುವುದಿಲ್ಲ. ತೀರ್ಪು ಕೊಡದಿರುವುದು ಅವನ ಒಳಗಣ ಗಮನಕ್ಕೆ ಸಂಬಂಧಿಸಿದ ಸೂಚನೆಯೇ ಹೊರತು ಹೆಂಡತಿಗೆ ಕೊಡುವ ಉಪದೇಶವಲ್ಲ.

ಪ್ರತಿಜ್ಞೆಯ ಪರಂಪರೆಯನ್ನು ಹೀಗೆ ವಿಮರ್ಶಿಸುವಾಗ ಅದರ ಸಾಧನೆಯನ್ನು ಕಡೆಗಣಿಸುವಂತಿಲ್ಲ. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ ಭಿಕ್ಷೆಯ ಅರ್ಥವನ್ನೇ ತಿರುಗಿಸಿತು: ಕಾಳುಕಡಿಯ ಬದಲು ಚಟಗಳನ್ನು ಜೋಳಿಗೆಗೆ ಹಾಕುವಂತೆ ಅವರು ಊರೂರು ತಿರುಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಗಳು ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಸಾಮಾನ್ಯವಾಗಿ ಎಂಟು ದಿನ ನಡೆಸುವ ಮದ್ಯವರ್ಜನ ಶಿಬಿರಗಳು ಕುಟುಂಬವನ್ನೂ ಊರನ್ನೂ ಒಳಗೊಳ್ಳುತ್ತವೆ. ಶಿಬಿರದ ಬಳಿಕ ಬಿಟ್ಟವರು ‘ನವಜೀವನ ಸಮಿತಿ’ಗಳಲ್ಲಿ ಮತ್ತೆ ಕೂಡುತ್ತಾರೆ. ಇಷ್ಟು ಸಾಮಾಜಿಕ ಬಲ ಸಿಯಾಟಲ್‌ನ ಚಿಕಿತ್ಸಾಲಯಕ್ಕೆ ಇರಲಿಲ್ಲ. ಜೋಳಿಗೆಗೆ ಬಿದ್ದ ಬೀಡಿಕಟ್ಟಿನ ಜೊತೆ ತುಡಿತ ಬೀಳಲಿಲ್ಲ ಎಂಬುದಷ್ಟೇ ಇಲ್ಲಿನ ತಕರಾರು, ಅದೂ ಜೋಳಿಗೆಯ ದೋಷವಲ್ಲ.

ಸಾವಧಾನ ಅಭ್ಯಾಸವನ್ನು ಒಯ್ಯಬಾರದ ಜಾಗವೊಂದಿದೆ, ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ತುಡಿತ ಬೇರೆ, ವರ್ಜನ ಲಕ್ಷಣ ಬೇರೆ. ವರ್ಷಗಟ್ಟಲೆ ಪ್ರತಿದಿನ ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದಾಗ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಭಂಗ ಶುರುವಾಗಬಹುದು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ, ಇಲ್ಲದ್ದು ಕಾಣುವ, ದಿಕ್ಕು-ಹೊತ್ತು ತಿಳಿಯದಾಗುವ ‘ಡೆಲಿರಿಯಂ ಟ್ರೆಮೆನ್ಸ್’ ಎಂಬ ಸ್ಥಿತಿ ಒದಗಬಹುದು, ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸುತ್ತದೆ. ಇದು ಉಸಿರು ಗಮನಿಸಿ ದಾಟುವ ವಿಷಯವಲ್ಲ, ಭೂತಚೇಷ್ಟೆಯೆಂದು ಗುಡಿಗೆ ಕರೆದೊಯ್ಯುವ ವಿಷಯವೂ ಅಲ್ಲ. ಬೆಂಜೋಡಯಜೆಪಿನ್ ವರ್ಗದ ಔಷಧ ಮತ್ತು ಥಯಾಮಿನ್ ಜೀವಸತ್ವವನ್ನು ವೈದ್ಯರ ನಿಗಾದಲ್ಲಿ ಕೊಡಬೇಕಾದ ತುರ್ತು ಸ್ಥಿತಿ. ಅನಂತರದ ತುಡಿತಕ್ಕೂ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಔಷಧಗಳಿವೆ, ತಂಬಾಕಿಗೆ 2 ಮತ್ತು 4 ಮಿಲಿಗ್ರಾಂ ನಿಕೋಟಿನ್ ಗಮ್ ಇದೆ. ತೀವ್ರ ಖಿನ್ನತೆ, ಚಿತ್ತವಿಕಲತೆ ಅಥವಾ ಹಳೆಯ ಆಘಾತದ ನೆನಪುಗಳಿರುವವರಿಗೆ ಕಣ್ಣು ಮುಚ್ಚಿ ದೀರ್ಘಕಾಲ ಕೂರುವುದು ಕೆಲವೊಮ್ಮೆ ಕೇಡು ಮಾಡುವುದರಿಂದ, ಅವರು ಮೊದಲು ಮನೋವೈದ್ಯರನ್ನು ಕಾಣುವುದು ಕ್ಷೇಮ.

ಮನೋವೈದ್ಯರನ್ನು ಕಾಣುವುದೇ ಕಷ್ಟ ಎಂಬುದು ರಾಷ್ಟ್ರದ ಅನುಭವ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಮದ್ಯ ಅವಲಂಬನೆಯ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಹಾವೇರಿ ಸೀಮೆಯವರಿಗೆ ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ರಾಣೆಬೆನ್ನೂರಿನವರಿಗೆ ದಾವಣಗೆರೆ ಅದಕ್ಕಿಂತ ಸಮೀಪ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆತರಲೆಂದು ರೂಪಿಸಿದ ‘ಮನೋಚೈತನ್ಯ’ ಯೋಜನೆ ಈ ದೂರವನ್ನು ತಗ್ಗಿಸಲು ಹುಟ್ಟಿದವು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿ ಮಾತನಾಡಬಹುದು. ತಂಬಾಕು ಬಿಡುವವರಿಗಾಗಿಯೇ ಇರುವ 1800-11-2356 ಸಂಖ್ಯೆಯನ್ನು 2018ರ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಮುದ್ರಿಸಲಾಗುತ್ತಿದೆ, ಹರಿಯುವ ಅವಸರದಲ್ಲಿ ಅದನ್ನು ಓದುವವರು ಕಡಿಮೆ.

ಎಂಟು ವಾರಗಳ ತರಬೇತಿಯನ್ನು ಇಲ್ಲಿಗೆ ತರುವುದಾದರೆ ಅದನ್ನು ಇದ್ದ ಹಾಗೆ ತರಲಾಗದು. ಚಾಪೆ, ಮೌನದ ಕೋಣೆ, ನಲವತ್ತು ನಿಮಿಷದ ಆಡಿಯೊ, ಮನೆಯಲ್ಲಿ ತುಂಬಬೇಕಾದ ಟಿಪ್ಪಣಿ ಹಾಳೆ ಇವೆಲ್ಲ ನಗರದ ಮಧ್ಯಮ ವರ್ಗದ ಬದುಕನ್ನು ಊಹಿಸಿಕೊಂಡಿವೆ. ಮೊದಲ ದಿನ ಒಂದು ಒಣದ್ರಾಕ್ಷಿಯನ್ನು ನಿಮಿಷಗಟ್ಟಲೆ ನೋಡಿ, ಮೂಸಿ, ಅಗಿಯುವ ಪಾಠವೇನೋ ವಿಜಯಪುರದ ದ್ರಾಕ್ಷಿಯಿಂದ ಸುಲಭವಾಗಿ ಆದೀತು, ಆದರೆ ಹಮಾಲನೊಬ್ಬನಿಗೆ ನಡೆಯುತ್ತಲೇ ಹೆಜ್ಜೆಯನ್ನು ಗಮನಿಸುವ, ಚೀಲ ಇಳಿಸಿದ ಮೇಲೆ ಹತ್ತು ಉಸಿರು ಎಣಿಸುವ, ಓದುಬರಹ ಬೇಡದ ಅಭ್ಯಾಸಗಳು ಹೆಚ್ಚು ಒದಗುತ್ತವೆ. ಅದನ್ನು ಕಲಿಸಲು ಹೊಸ ಕಟ್ಟಡ ಬೇಕಿಲ್ಲ. ನವಜೀವನ ಸಮಿತಿಯ ಕೂಟವೋ ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರ ಕೋಣೆಯೋ ಸಾಕು. ಕಾಲದ ಆಯ್ಕೆ ಮಾತ್ರ ಮುಖ್ಯ. ಶ್ರಾವಣದಲ್ಲಿಯೋ ಮಾಲೆಯ ದಿನಗಳಲ್ಲಿಯೋ, ಅಂದರೆ ವ್ರತದ ಬೇಲಿ ಇನ್ನೂ ಇರುವಾಗಲೇ, ತರಬೇತಿ ಶುರುವಾದರೆ ತುಡಿತ ಮಂದವಾಗಿರುವಾಗ ಕೌಶಲ ಕೈಗೂಡುತ್ತದೆ. ನವೆಂಬರ್ ನಡುವಿನಲ್ಲಿ ಮಾಲೆ ಹಾಕಿದವನು ಆಗಲೇ ಮೊದಲ ಪಾಠಕ್ಕೆ ಬಂದರೆ ಎಂಟನೆಯದು ಮುಗಿಯುವುದು ಜನವರಿಯ ಆರಂಭದಲ್ಲಿ, ಅವನು ಮಾಲೆ ತೆಗೆದ ಕೆಲವು ದಿನಗಳ ಬಳಿಕ, ಬ್ಯಾಡಗಿಯ ಪ್ರಾಂಗಣಕ್ಕೆ ಕೆಂಪು ಚೀಲಗಳ ಲಾರಿಗಳು ಸಾಲುಗಟ್ಟುವುದಕ್ಕೆ ಸ್ವಲ್ಪ ಮೊದಲು.